ನೆರಳು ನೋಡಿ ವಸ್ತುವನ್ನು ಕಂಡವರು

ಹಿಡಿಸೂಡಿಯ ಹನ್ನೆರಡು ಕಡ್ಡಿಗಳನ್ನು ಒಂದೇ ಅಳತೆಗೆ ಮುರಿದುಕೊಳ್ಳಿ. ಚಪಾತಿಗೆ ಕಲಸಿದ ಹಿಟ್ಟಿನಿಂದ ಎಂಟು ಸಣ್ಣ ಉಂಡೆ ಮಾಡಿ, ಕಡ್ಡಿಗಳನ್ನು ಅವಕ್ಕೆ ಚುಚ್ಚಿ ಪೆಟ್ಟಿಗೆಯಂಥ ಒಂದು ಚೌಕಟ್ಟು ಕಟ್ಟಿ. ರಾತ್ರಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಚೌಕಟ್ಟಿನ ಹತ್ತಿರ ಹಿಡಿದು ಗೋಡೆಯ ಮೇಲೆ ಅದರ ನೆರಳು ಬೀಳಿಸಿ. ದೊಡ್ಡ ಚೌಕದೊಳಗೊಂದು ಸಣ್ಣ ಚೌಕ, ಎರಡರ ಮೂಲೆಗಳನ್ನು ಜೋಡಿಸುವ ನಾಲ್ಕು ಓರೆ ಗೆರೆಗಳು. ಟಾರ್ಚಿಗೆ ಹತ್ತಿರವಿರುವ ಮುಖದ ನೆರಳು ದೊಡ್ಡದು, ದೂರದ್ದು ಸಣ್ಣದು, ಅಷ್ಟೆ. ಈಗ ಚೌಕಟ್ಟನ್ನು ಮೆಲ್ಲನೆ ತಿರುಗಿಸಿ. ಒಳಗಿದ್ದ ಚೌಕ ಪಕ್ಕಕ್ಕೆ ಸರಿಯುತ್ತದೆ, ಸೊಟ್ಟಗಾಗುತ್ತದೆ, ಹಿಗ್ಗುತ್ತದೆ. ಅರ್ಧ ಸುತ್ತು ಮುಗಿಯುವಾಗ ಅದೇ ಹೊರಗಿನ ಚೌಕವಾಗಿರುತ್ತದೆ! ನಿಮ್ಮ ಕೈಯಲ್ಲಿರುವ ಕಡ್ಡಿಗಳಲ್ಲಿ ಒಂದೂ ಉದ್ದವಾಗಿಲ್ಲ, ಗಿಡ್ಡವಾಗಿಲ್ಲ.

ಆ ಗೋಡೆಯ ಮೇಲೆಯೇ ವಾಸಿಸುವ, ದಪ್ಪವೇ ಇಲ್ಲದ ಒಂದು ಜೀವಿ ಇದೆ ಎಂದು ಭಾವಿಸಿಕೊಳ್ಳಿ. ಅದಕ್ಕೆ ಎಡ-ಬಲ ಗೊತ್ತು, ಮೇಲೆ-ಕೆಳಗೆ ಗೊತ್ತು. ಗೋಡೆಯಿಂದ ಹೊರಗೆ ನಿಮ್ಮ ಕಡೆಗೆ ಬರುವ ದಿಕ್ಕು ಮಾತ್ರ ಅದರ ಅರಿವಿಗೆ ನಿಲುಕದು. ಚೌಕಗಳು ಒಂದನ್ನೊಂದು ನುಂಗಿ ಉಗುಳುತ್ತಿವೆ ಎಂದೇ ಅದಕ್ಕೆ ಕಾಣುತ್ತದೆ. ಇಂಥ ಚಪ್ಪಟೆ ಜೀವಿಗಳ ಬಗ್ಗೆ ಎಡ್ವಿನ್ ಅಬಟ್ ಎಂಬ ಇಂಗ್ಲೆಂಡಿನ ಅಧ್ಯಾಪಕರು 1884ರಲ್ಲಿ 'ಫ್ಲ್ಯಾಟ್‌ಲ್ಯಾಂಡ್' ಎಂಬ ಕತೆಯನ್ನೇ ಬರೆದರು. ಹಾಗಾದರೆ ನಾವೂ ಅಂಥದ್ದೇ ಒಂದು ಗೋಡೆಯ ಜೀವಿಗಳಾಗಿದ್ದರೆ? ಉದ್ದ, ಅಗಲ, ಎತ್ತರ ಎಂಬ ಮೂರರ ಆಚೆ ನಾಲ್ಕನೆಯ ದಿಕ್ಕೊಂದಿದ್ದು, ಅಲ್ಲಿರುವ ವಸ್ತುವಿನ ನೆರಳು ನಮ್ಮ ಕೋಣೆಯ ನಡುವೆ ಬಿದ್ದರೆ ಅದು ಹೇಗಿದ್ದೀತು?

ಪ್ರಶ್ನೆ ಹಳೆಯದು. ಅರಬಿಯಲ್ಲಿ ಬೀಜಗಣಿತ ಬರೆದ ವಿದ್ವಾಂಸರು ಸಂಖ್ಯೆಯ ವರ್ಗವನ್ನು 'ಮಾಲ್' ಎಂದೂ ಘನವನ್ನು 'ಕಅಬ್' ಎಂದೂ ಕರೆಯುತ್ತಿದ್ದರು. ಕಅಬಾ ಎಂಬ ಹೆಸರೂ ಇದೇ ಮೂಲದ್ದು. ನಾಲ್ಕನೆಯ ಘಾತಕ್ಕೆ ಅವರಿಟ್ಟ ಹೆಸರು 'ಮಾಲ್ ಅಲ್ ಮಾಲ್'. ಆದರೆ ಹನ್ನೊಂದು-ಹನ್ನೆರಡನೆಯ ಶತಮಾನದಲ್ಲಿ ಬಾಳಿದ ನಿಶಾಪುರದ ಉಮರ್ ಖಯ್ಯಾಮ್ ಇಲ್ಲೊಂದು ಎಚ್ಚರಿಕೆ ಕೊಟ್ಟರು. ಲೆಕ್ಕದಲ್ಲಿ ಇದನ್ನು ಬಳಸಬಹುದು, ಅಳೆಯಬಹುದಾದ ವಸ್ತುಗಳಲ್ಲಿ ಇಂಥದ್ದು ಇಲ್ಲ, ಕ್ಷೇತ್ರಗಣಿತದಲ್ಲಿ ಅದು ಬರಿಯ ಮಾತಿನ ಅಲಂಕಾರ ಎಂಬುದು ಅವರ ನಿಲುವು. ನಾವು ರುಬಾಯಿಗಳ ಕವಿಯೆಂದಷ್ಟೇ ನೆನಪಿಟ್ಟುಕೊಂಡ ಈ ಗಣಿತಜ್ಞನ ಮಾತನ್ನು ತಪ್ಪೆನ್ನಲಾಗದು. ಕೋಣೆಯ ಮೂಲೆಯಲ್ಲಿ ಮೂರು ಗೆರೆಗಳು ಒಂದಕ್ಕೊಂದು ಲಂಬವಾಗಿ ಕೂಡುತ್ತವೆ. ನಾಲ್ಕನೆಯದನ್ನು ಎಲ್ಲಿ ಇಡುತ್ತೀರಿ?

ಇಡಲು ಜಾಗವಿಲ್ಲ, ಎಣಿಸಲು ಅಡ್ಡಿಯಿಲ್ಲ. ಒಂದು ಚುಕ್ಕೆಯನ್ನು ಎಳೆದರೆ ಗೆರೆ, ಗೆರೆಯನ್ನು ಅಡ್ಡಕ್ಕೆ ಎಳೆದರೆ ಚೌಕ, ಚೌಕವನ್ನು ಮೇಲಕ್ಕೆ ಎತ್ತಿದರೆ ಘನ. ಮೂಲೆಗಳು ಪ್ರತಿಸಲವೂ ಇಮ್ಮಡಿಯಾಗುತ್ತವೆ: 1, 2, 4, 8. ಘನವನ್ನೂ ನಾಲ್ಕನೆಯ ದಿಕ್ಕಿಗೆ ಎಳೆದರೆ 16 ಮೂಲೆಗಳು. ಅಂಚುಗಳೆಷ್ಟು? ಹೊರಟ ಘನದ 12, ತಲುಪಿದ ಘನದ 12, ಎಂಟು ಮೂಲೆಗಳು ಎಳೆದ ದಾರಿ 8, ಒಟ್ಟು 32. ಇದೇ ಹೈಪರ್‌ಕ್ಯೂಬ್. ಚಾರ್ಲ್ಸ್ ಹಿಂಟನ್ ಎಂಬ ಇಂಗ್ಲಿಷ್ ಗಣಿತ ಶಿಕ್ಷಕರು 1888ರಲ್ಲಿ ಇದಕ್ಕೆ 'ಟೆಸರ್ಯಾಕ್ಟ್' ಎಂಬ ಹೆಸರನ್ನೂ ಕೊಟ್ಟರು. ಘನಕ್ಕೆ ಆರು ಚೌಕಗಳ ಹೊದಿಕೆ ಇರುವಂತೆ ಇದಕ್ಕೆ ಎಂಟು ಘನಗಳ ಹೊದಿಕೆ.

ಈ ಹಿಂಟನ್ ಮದುವೆಯಾದದ್ದು ತರ್ಕವನ್ನು ಬೀಜಗಣಿತವಾಗಿ ಬರೆದ ಜಾರ್ಜ್ ಬೂಲ್ ಅವರ ಹಿರಿಯ ಮಗಳನ್ನು. ಇಂದಿನ ಕಂಪ್ಯೂಟರುಗಳೆಲ್ಲ ನಡೆಯುವುದು ಆ ಬೂಲ್ ತರ್ಕದ ಮೇಲೆಯೇ. ಬೂಲ್ 1864ರಲ್ಲಿ ತೀರಿಕೊಂಡಾಗ ಅವರ ಹೆಂಡತಿ ಮೇರಿಯ ಮಡಿಲಲ್ಲಿ ಐದು ಹೆಣ್ಣುಮಕ್ಕಳು. ಅಂದಹಾಗೆ ಈ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ತಮ್ಮನ ಮಗಳೋ ಅಣ್ಣನ ಮಗಳೋ, ಅಂತೂ ಆ ಶಿಖರಕ್ಕೆ ಹೆಸರು ಕೊಟ್ಟ ಮನೆತನದವಳೇ. ಮೂರನೆಯ ಮಗಳು ಅಲಿಶಿಯಾಳಿಗೆ ಆಗ ನಾಲ್ಕು ವರ್ಷ. ಅಜ್ಜಿಮನೆ, ಬಂಧುಗಳ ಮನೆ, ಕೊನೆಗೆ ಲಂಡನ್ನಿನ ಬಡ ಬಿಡಾರ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಕಲಿತದ್ದು ಯೂಕ್ಲಿಡ್‌ನ ಮೊದಲೆರಡು ಪುಸ್ತಕಗಳಷ್ಟೇ.

ಹಿಂಟನ್ ಆ ಮನೆಗೆ ಮರದ ಸಣ್ಣ ಘನಗಳ ರಾಶಿಯನ್ನು ಹೊತ್ತು ತರುತ್ತಿದ್ದರು. ಅವುಗಳನ್ನು ಜೋಡಿಸುತ್ತಾ ಕಳಚುತ್ತಾ ನಾಲ್ಕನೆಯ ದಿಕ್ಕನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬಹುದೆಂಬುದು ಅವರ ಹುಚ್ಚು. ಹದಿನೆಂಟರ ಆಸುಪಾಸಿನ ಅಲಿಶಿಯಾಳಿಗೆ ಅದು ಅಂಟಿಕೊಂಡಿತು, ಗುರುವನ್ನೂ ಮೀರಿಸಿತು. ನಾಲ್ಕು ಆಯಾಮದಲ್ಲಿ ಎಲ್ಲ ಬದಿಗಳೂ ಒಂದೇ ತೆರನಾಗಿರುವ ಆಕೃತಿಗಳು ಆರು ಮಾತ್ರ ಇವೆ ಎಂಬುದನ್ನು ಆಕೆ ತಾನಾಗಿಯೇ ಕಂಡುಕೊಂಡಳು. ಸ್ವಿಟ್ಜರ್ಲೆಂಡಿನ ಲುಡ್‌ವಿಗ್ ಶ್ಲಾಫ್ಲಿ ಇದನ್ನು ಮೊದಲೇ ಸಾಧಿಸಿದ್ದರು, ಆದರೆ ಅವರ ಆ ಗ್ರಂಥ ಇಡಿಯಾಗಿ ಅಚ್ಚಾದದ್ದು 1901ರಲ್ಲಿ. ಆ ಆರರಲ್ಲಿ ದೊಡ್ಡದಕ್ಕೆ 600 ಕೋಶಗಳು! ನಾವು ಮೊಟ್ಟೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಅದರ ಒಳಗನ್ನು ನೋಡುವಂತೆ ಆಕೆ ಈ ಆಕೃತಿಗಳನ್ನು ಮನಸ್ಸಿನಲ್ಲೇ ಕೊಯ್ದಳು. ಮೊಟ್ಟೆಯ ಬಿಲ್ಲೆ ಚಪ್ಪಟೆ, ನಾಲ್ಕು ಆಯಾಮದ ವಸ್ತುವಿನ ಬಿಲ್ಲೆ ನಮ್ಮ ಕೈಗೆ ಸಿಗುವ ಗಟ್ಟಿ ಆಕೃತಿ. ಅಂಥ ಒಂದೊಂದು ಬಿಲ್ಲೆಯನ್ನೂ ರಟ್ಟಿನಲ್ಲಿ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ಮಾಡಿಟ್ಟಳು. 1890ರಲ್ಲಿ ವಾಲ್ಟರ್ ಸ್ಟಾಟ್ ಎಂಬವರೊಡನೆ ಮದುವೆಯಾಯಿತು, ಎರಡು ಮಕ್ಕಳಾದವು. ರಟ್ಟಿನ ಕೆಲಸ ನಿಲ್ಲಲಿಲ್ಲ.

ಹಾಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಪೀಟರ್ ಸ್ಕೌಟೆ ಇದೇ ಬಿಲ್ಲೆಗಳ ಬಗ್ಗೆ ಬರೆದಿದ್ದಾರೆಂದು ತಿಳಿದಾಗ ಅಲಿಶಿಯಾ ತನ್ನ ಮಾದರಿಗಳ ಫೋಟೋ ಕಳಿಸಿದಳು. ಅವರು ಸೂತ್ರ ಹಿಡಿದು ತಲುಪಿದ್ದ ಉತ್ತರಕ್ಕೆ ಆಕೆ ಕತ್ತರಿ ಹಿಡಿದು ತಲುಪಿದ್ದಳು. ಪ್ರೊಫೆಸರ್ ಇಂಗ್ಲೆಂಡಿಗೆ ಬಂದರು, ಇಬ್ಬರೂ ವರ್ಷಗಟ್ಟಲೆ ಜೊತೆಗೂಡಿ ದುಡಿದರು. 1914ರಲ್ಲಿ ಆ ವಿಶ್ವವಿದ್ಯಾಲಯ, ಕಾಲೇಜಿನ ಮೆಟ್ಟಿಲು ಹತ್ತದ ಈ ಗೃಹಿಣಿಗೆ ಗೌರವ ಡಾಕ್ಟರೇಟ್ ನೀಡಿತು. ಆಕೆಯ ಮಾದರಿಗಳು ಗ್ರೋನಿಂಗನ್ ಮತ್ತು ಕೇಂಬ್ರಿಜ್‌ನಲ್ಲಿ ಉಳಿದುಕೊಂಡಿವೆ. 1940ರಲ್ಲಿ ಆಕೆ ತೀರಿಕೊಂಡಾಗ ಚಿತ್ರ ಬಿಡಿಸುವ ಕಂಪ್ಯೂಟರ್ ಇನ್ನೂ ಹುಟ್ಟಿರಲಿಲ್ಲ.

ಕಂಪ್ಯೂಟರಿಗೆ ಇದೆಲ್ಲ ಬಹಳ ಸುಲಭ. ಅದಕ್ಕೆ ಕಲ್ಪನೆಯೇ ಬೇಕಿಲ್ಲ! ಪ್ರತಿ ಮೂಲೆಗೂ ನಾಲ್ಕು ಅಂಕಿ ಕೊಟ್ಟರಾಯಿತು, ಒಂದೊಂದು ದಿಕ್ಕಿಗೆ ಒಂದು. ತಿರುಗಿಸುವುದೆಂದರೆ ಆ ನಾಲ್ಕರಲ್ಲಿ ಎರಡನ್ನು ಆರಿಸಿಕೊಂಡು, ಸೈನ್ ಮತ್ತು ಕೊಸೈನ್ ಲೆಕ್ಕದಂತೆ ಒಂದಕ್ಕೊಂದು ಬೆರೆಸುವುದು. ಚಕ್ರ ಅಚ್ಚಿನ ಸುತ್ತ ತಿರುಗುತ್ತದೆ ಎನ್ನುವುದು ನಮ್ಮ ರೂಢಿಯ ಮಾತು. ನಿಜಕ್ಕೂ ತಿರುಗುವುದು ಎರಡು ದಿಕ್ಕುಗಳ ನಡುವೆ. ಮೂರು ದಿಕ್ಕುಗಳಲ್ಲಿ ಇಂಥ ಜೋಡಿಗಳು ಮೂರು, ನಾಲ್ಕರಲ್ಲಿ ಆರು. ಹೀಗಾಗಿ ನಾಲ್ಕು ಆಯಾಮದ ವಸ್ತು ಒಂದರ ಗೊಡವೆಗೆ ಇನ್ನೊಂದು ಹೋಗದಂತೆ ಏಕಕಾಲಕ್ಕೆ ಎರಡು ರೀತಿಯಲ್ಲಿ ತಿರುಗಬಲ್ಲದು. ಆಮೇಲೆ ನಿಮ್ಮ ಟಾರ್ಚಿನ ಕೆಲಸ: ನಾಲ್ಕನೆಯ ದಿಕ್ಕಿನಲ್ಲಿ ದೂರವಿದ್ದದ್ದನ್ನು ಚಿಕ್ಕದು ಮಾಡಿ, ಹತ್ತಿರದ್ದನ್ನು ದೊಡ್ಡದು ಮಾಡಿ ನೆರಳು ಬೀಳಿಸುವುದು. ಪರದೆಯಲ್ಲಿ ಕಾಣುವುದು ಘನದೊಳಗೊಂದು ಘನ. ತಿರುಗತೊಡಗಿದರೆ ಒಳಗಿನದು ಒಂದು ಬದಿಯಿಂದ ಜಾರಿ ಹೊರಬರುತ್ತದೆ, ಚಪ್ಪಟೆಯಾಗುತ್ತದೆ, ಹಿಗ್ಗಿ ಹೊರಗಿನದಾಗುತ್ತದೆ. ಅಂಗಿಯನ್ನು ಒಳಗು ಹೊರಗು ಮಾಡಿದಂತೆ. ಗೋಡೆಯ ಮೇಲಿನ ಚೌಕಗಳದ್ದೂ ಇದೇ ಆಟವಾಗಿತ್ತಲ್ಲವೇ?

ಅಮೆರಿಕದ ಬೆಲ್ ಪ್ರಯೋಗಾಲಯದ ಮೈಕಲ್ ನೋಲ್ 1960ರ ದಶಕದಲ್ಲಿ ಹೀಗೆ ತಿರುಗುವ ಹೈಪರ್‌ಕ್ಯೂಬಿನ ಚಲನಚಿತ್ರ ತಯಾರಿಸಿದರು. ಎರಡು ಕಣ್ಣಿಗೆ ಎರಡು ಚಿತ್ರ, ಒಂದೊಂದು ಚೌಕಟ್ಟನ್ನೂ ಕಂಪ್ಯೂಟರೇ ಲೆಕ್ಕ ಹಾಕಿ ಫಿಲ್ಮಿನ ಮೇಲೆ ಬರೆಯಬೇಕು. ಆದರೆ 1967ರಲ್ಲಿ ಈ ವಿಧಾನದ ಬಗ್ಗೆ ಬರೆಯುವಾಗ ಅವರು ಒಂದು ನಿರಾಶೆಯನ್ನೂ ಮುಚ್ಚಿಡಲಿಲ್ಲ. ಚಿತ್ರಗಳೇನೋ ಸೊಗಸಾಗಿದ್ದವು, ನಾಲ್ಕನೆಯ ಆಯಾಮ ಮಾತ್ರ ಅನುಭವಕ್ಕೆ ಬರಲಿಲ್ಲ.

ಬ್ರೌನ್ ವಿಶ್ವವಿದ್ಯಾಲಯದ ಗಣಿತಜ್ಞ ಥಾಮಸ್ ಬ್ಯಾಂಕಾಫ್ ಮತ್ತು ಕಂಪ್ಯೂಟರ್ ತಜ್ಞ ಚಾರ್ಲ್ಸ್ ಸ್ಟ್ರಾಸ್ ಕೂಡ ಇಂಥದ್ದೇ ಚಿತ್ರ ಮಾಡಿ 1978ರಲ್ಲಿ ಹೆಲ್ಸಿಂಕಿಯ ಜಾಗತಿಕ ಗಣಿತ ಸಮ್ಮೇಳನದಲ್ಲಿ ತೋರಿಸಿದರು. ಅವರ ಯಂತ್ರಕ್ಕೊಂದು ವಿಶೇಷವಿತ್ತು. ಅದರ ಮುಂದೆ ಕುಳಿತವರು ತಮ್ಮ ಕೈಯಿಂದಲೇ ಆಕೃತಿಯನ್ನು ತಿರುಗಿಸಬಹುದಿತ್ತು. ಫಿಲಿಪ್ ಡೇವಿಸ್ ಮತ್ತು ರೂಬೆನ್ ಹರ್ಷ್ 1981ರಲ್ಲಿ ಬರೆದ ಗಣಿತದ ಗ್ರಂಥವೊಂದರಲ್ಲಿ ಇದರ ಅನುಭವ ದಾಖಲಾಗಿದೆ. ಚಿತ್ರ ನೋಡಿದಾಗ ಮೆಚ್ಚುಗೆಯಾಯಿತು, ಆದರೆ ಮನಸ್ಸಿಗೆ ಏನೂ ಹತ್ತಲಿಲ್ಲ. ಕೆಲವು ದಿನಗಳ ಬಳಿಕ ಸ್ಟ್ರಾಸ್ ಅವರನ್ನು ಯಂತ್ರದ ಮುಂದೆ ಕೂರಿಸಿದರು. ಹೀಗೊಮ್ಮೆ ತಿರುಗಿಸಿ, ಹಾಗೊಮ್ಮೆ ತಿರುಗಿಸಿ, ಮತ್ತೆ ಮೊದಲಿನ ಸ್ಥಿತಿಗೆ ತರುತ್ತಿದ್ದಂತೆಯೇ ಹೈಪರ್‌ಕ್ಯೂಬ್ ಬೆರಳ ತುದಿಗೆ ತಾಗಿದಂತೆ ನಿಜವಾಗಿಬಿಟ್ಟಿತು. ಚಿತ್ರವೂ ಅದೇ, ಆಕೃತಿಯೂ ಅದೇ. ಬದಲಾದದ್ದು ಕೈ ಮಾತ್ರ. ಅಲಿಶಿಯಾಳ ಮರದ ತುಂಡು, ರಟ್ಟಿನ ಕತ್ತರಿ ಮಾಡಿದ್ದೂ ಇದೇ ಕೆಲಸ ಎಂದು ನನಗನಿಸುತ್ತದೆ.

ಇಷ್ಟೆಲ್ಲ ಯಾಕೆ, ಇದರಿಂದ ಅಡುಗೆಮನೆಗೇನು ಲಾಭ ಎಂದು ಕೇಳುವವರಿದ್ದಾರೆ. ಅವರಿಗಾಗಿ ಸಕ್ಕರೆ ಕಾಯಿಲೆಯ ಸಂಗತಿ ಹೇಳಬೇಕು. ಒಬ್ಬ ವ್ಯಕ್ತಿಯ ಐದು ಅಳತೆಗಳನ್ನು ತೆಗೆದರೆ ಆತ ಐದು ಆಯಾಮದ ಜಾಗದಲ್ಲಿ ಒಂದು ಚುಕ್ಕೆ. ನೂರಾರು ಜನರೆಂದರೆ ಚುಕ್ಕೆಗಳ ಒಂದು ಮೋಡ. ಅದಕ್ಕೂ ಒಂದು ಆಕಾರವಿರುತ್ತದೆ. 1970ರ ದಶಕದ ಆರಂಭದಲ್ಲಿ ಜಾನ್ ಟ್ಯೂಕಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದಲ್ಲಿ 'ಪ್ರಿಮ್-9' ಎಂಬ ವ್ಯವಸ್ಥೆ ರೂಪಿಸಿದರು. ಒಂಬತ್ತು ಆಯಾಮಗಳವರೆಗಿನ ಮೋಡವನ್ನು ಪರದೆಯ ಮೇಲೆ ತಿರುಗಿಸಿ ನೋಡಬಹುದಿತ್ತು. ಸ್ಟ್ಯಾನ್‌ಫರ್ಡಿನ ವೈದ್ಯ ಜೆರಾಲ್ಡ್ ರೀವನ್ ಮತ್ತು ಸಂಖ್ಯಾಶಾಸ್ತ್ರಜ್ಞ ರೂಪರ್ಟ್ ಮಿಲ್ಲರ್ 145 ಜನರ ಗ್ಲೂಕೋಸ್, ಇನ್ಸುಲಿನ್ ಮುಂತಾದ ಅಳತೆಗಳನ್ನು ಅದರಲ್ಲಿ ಹಾಕಿದರು. ತಿರುಗಿಸುತ್ತಾ ಹೋದಾಗ ಕಂಡದ್ದು ದಪ್ಪ ನಡುಭಾಗ, ಅದರಿಂದ ಬೇರೆ ಬೇರೆ ಕಡೆಗೆ ಹೊರಟ ಎರಡು ರೆಕ್ಕೆಗಳು! ನಡುವೆ ಆರೋಗ್ಯವಂತರು. ಒಂದು ರೆಕ್ಕೆಯಲ್ಲಿ ಕಾಯಿಲೆ ಪೂರ್ತಿ ಪ್ರಕಟವಾದವರು. ಇನ್ನೊಂದರಲ್ಲಿ, ಗ್ಲೂಕೋಸ್ ಕುಡಿಸಿ ಪರೀಕ್ಷಿಸಿದಾಗ ಮಾತ್ರ ಸಿಕ್ಕಿಬೀಳುವವರು. ಮೊದಲ ರೆಕ್ಕೆಯವರಲ್ಲಿ ಇನ್ಸುಲಿನ್ ಕಡಿಮೆ, ಎರಡನೆಯವರಲ್ಲಿ ಹೆಚ್ಚಿದ್ದೂ ಸಾಲದು.

ಸೌಮ್ಯ ಕಾಯಿಲೆಯೇ ಬೆಳೆದು ನೇರವಾಗಿ ತೀವ್ರವಾಗುತ್ತದೆ ಎಂದಾಗಿದ್ದರೆ ಚುಕ್ಕೆಗಳು ಒಂದೇ ದಾರಿಯಲ್ಲಿ ಸಾಲಾಗಿರಬೇಕಿತ್ತು. ಹಾಗಿರಲಿಲ್ಲ. ಒಂದು ರೆಕ್ಕೆಯಿಂದ ಇನ್ನೊಂದಕ್ಕೆ ಹೋಗಲು ನಡುಭಾಗವನ್ನೇ ದಾಟಬೇಕಿತ್ತು. ಈ ಅಧ್ಯಯನ 1979ರಲ್ಲಿ ಪ್ರಕಟವಾಯಿತು. ತಪ್ಪು ಕೋನದಿಂದ ನೋಡಿದರೆ ಎರಡು ರೆಕ್ಕೆಗಳು ಒಂದರ ಮೇಲೊಂದು ಬಿದ್ದು ಬರೀ ಮುದ್ದೆಯಂತೆ ಕಾಣಬಹುದಿತ್ತು.

ಅಂದು ದೊಡ್ಡ ಪ್ರಯೋಗಾಲಯಗಳಿಗಷ್ಟೇ ಸಾಧ್ಯವಾಗಿದ್ದ ಇಂಥ ಆಟ ಈಗ ಮಕ್ಕಳ ಕೈಗೆ ಬಂದಿದೆ. ಮಾರ್ಕ್ ಟೆನ್ ಬಾಷ್ ಎಂಬವರು 2017ರಲ್ಲಿ 'ಫೋರ್ ಡಿ ಟಾಯ್ಸ್' ಎಂಬ ಆಟಿಕೆಪೆಟ್ಟಿಗೆಯನ್ನೇ ಹೊರತಂದರು. ನಾಲ್ಕು ಆಯಾಮದ ಗೋಲಿ, ದಾಳ, ಕಟ್ಟಿಗೆ ತುಂಡುಗಳನ್ನು ಬೆರಳಿನಿಂದ ಎತ್ತಿ ಬೀಳಿಸಬಹುದು, ಉರುಳಿಸಬಹುದು. ಕಾಣುವುದು ಅಲಿಶಿಯಾ ರಟ್ಟಿನಲ್ಲಿ ಮಾಡಿದಂಥ ಬಿಲ್ಲೆ ಮಾತ್ರ. ಉರುಳುತ್ತಿದ್ದ ಗೋಲಿ ಸಣ್ಣದಾಗುತ್ತಾ ಆಗುತ್ತಾ ಥಟ್ಟನೆ ಮಾಯವಾಗಿಬಿಡುತ್ತದೆ. ಅದು ಎಲ್ಲಿಗೂ ಹೋಗಿಲ್ಲ, ನಾಲ್ಕನೆಯ ದಿಕ್ಕಿಗೆ ತುಸು ಸರಿದು ಅಲ್ಲೇ ಬಿದ್ದಿದೆ. ಪರದೆಯನ್ನು ಆ ಕಡೆಗೆ ಸರಿಸಿದರೆ ಮತ್ತೆ ಕಾಣಿಸಿಕೊಳ್ಳುತ್ತದೆ.