ಹೊಲಿಗೆ ಹಾಕಿದ ಗಾಯಕ್ಕೆ ಎಣ್ಣೆ ಹಚ್ಚಬಹುದೆ?

ಹರ್ನಿಯಾ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಯ ಯಜಮಾನರು ಆಸ್ಪತ್ರೆಯಿಂದ ಮರಳುತ್ತಾರೆ. ಸಂಜೆಯಾಗುವುದರೊಳಗೆ ಅಜ್ಜಿ ಎಣ್ಣೆಯ ಬಟ್ಟಲನ್ನು ಬೆಚ್ಚಗೆ ಮಾಡಿ ತಂದಿರುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರೆ ಎಂಥ ಗಾಯವೂ ಮಾಯುವುದೆಂಬುದು ಅವರ ನಂಬಿಕೆ. ನಕ್ಕು ತಳ್ಳಿಹಾಕುವ ಮೊದಲು ಈ ನಂಬಿಕೆಯನ್ನು ತುಸು ವಿಚಾರಿಸಿ ನೋಡುವುದು ಒಳ್ಳೆಯದು.

ಎಣ್ಣೆಗೂ ಗಾಯಕ್ಕೂ ಇರುವ ನಂಟು ಬಹು ಹಳೆಯದು. ಸುಶ್ರುತ ಸಂಹಿತೆಯು ವ್ರಣಕ್ಕೆ 60 ಉಪಕ್ರಮಗಳನ್ನು ವಿಧಿಸುತ್ತದೆ. ಮೂಲಿಕೆಗಳೊಡನೆ ಕಾಯಿಸಿದ ಎಣ್ಣೆ, ತುಪ್ಪಗಳೂ ಅವುಗಳಲ್ಲಿ ಸೇರಿವೆ. ಯುರೋಪಿನ ಕಥೆ ಮಾತ್ರ ಭಯಂಕರವಾದುದು. ಗುಂಡಿನ ಗಾಯದಲ್ಲಿ ವಿಷವಿರುವುದೆಂದು ನಂಬಿ, ಅಲ್ಲಿನ ವೈದ್ಯರು ಎಲ್ಡರ್ ಎಂಬ ಗಿಡದ ಎಣ್ಣೆಯನ್ನು ಕುದಿಕುದಿಯುತ್ತಿರುವಾಗಲೇ ಗಾಯಕ್ಕೆ ಸುರಿಯುತ್ತಿದ್ದರು. 1537ರ ಸುಮಾರಿನಲ್ಲಿ ಇಟಲಿಯ ಟ್ಯೂರಿನ್ ಬಳಿಯ ಯುದ್ಧದಲ್ಲಿ ಆಂಬ್ರ್ವಾಜ್ ಪಾರೆ ಎಂಬ ತರುಣ ಫ್ರೆಂಚ್ ಶಸ್ತ್ರವೈದ್ಯನ ಬಳಿ ಆ ಎಣ್ಣೆ ಮುಗಿದುಹೋಯಿತು. ಬೇರೆ ದಾರಿಯಿಲ್ಲದೆ ಆತ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಇವುಗಳನ್ನು ಕಲಸಿ ಹಚ್ಚಿದ. ಬೆಳಗಾಗುವುದರೊಳಗೆ ಅವರೆಲ್ಲ ಸತ್ತಾರೆಂಬ ಅಂಜಿಕೆಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟು, ನಸುಕಿನಲ್ಲೇ ಎದ್ದು ನೋಡಿದರೆ ಅವರು ನೋವಿಲ್ಲದೆ ಮಲಗಿದ್ದರು. ಕುದಿಯುವ ಎಣ್ಣೆ ಕಂಡವರು ಜ್ವರದಿಂದ ನರಳುತ್ತಿದ್ದರು! ಪಾರೆಯ ರೋಗಿಗಳಿಗೆ ನೆರವಾದುದು ಗುಲಾಬಿ ಎಣ್ಣೆಯ ಮಹಿಮೆಗಿಂತ ಹೆಚ್ಚಾಗಿ, ಸುಡುವುದನ್ನು ನಿಲ್ಲಿಸಿದ್ದು.

1865ರಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಗಾಯಗಳಿಗೆ ಕಾರ್ಬಾಲಿಕ್ ಆಮ್ಲವನ್ನು ಬಳಸತೊಡಗಿದರು. ಮುಂದೆ ಅದನ್ನು ಕುದಿಸಿದ ಅಗಸೆ ಎಣ್ಣೆಯಲ್ಲಿ ಬೆರೆಸಿದರು. ಅಲ್ಲಿ ಎಣ್ಣೆ ಬರಿಯ ವಾಹಕ. ರೋಗಾಣುವನ್ನು ಕೊಲ್ಲುತ್ತಿದ್ದುದು ಆಮ್ಲ.

ಜಾಲರಿಯ ಕೆಲಸ

ಕಿಬ್ಬೊಟ್ಟೆಯ ಗೋಡೆ ಸಡಿಲಗೊಂಡು ಕರುಳು ಹೊರಚಾಚುವುದೇ ಹರ್ನಿಯಾ. ಇಟಲಿಯ ಬಸ್ಸೀನಿ 1887ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅದರ ಅಂಚುಗಳನ್ನು ಎಳೆದು ಹೊಲಿಯುತ್ತಿದ್ದರು. ಎಳೆತದಿಂದಾಗಿ ಹೊಲಿಗೆ ಬಿಟ್ಟುಕೊಳ್ಳುವುದಿತ್ತು. 1958ರಲ್ಲಿ ಅಮೆರಿಕದ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನು ಬಳಕೆಗೆ ತಂದರು. 1980ರ ದಶಕದಲ್ಲಿ ಲಿಕ್ಟೆನ್‌ಸ್ಟೈನ್ ಎಳೆತವಿಲ್ಲದೆ ಜಾಲರಿ ಕೂರಿಸುವ ಕ್ರಮವನ್ನು ಪ್ರಚಾರಗೊಳಿಸಿದರು. ಜಾಲರಿಯ ಕಣ್ಣುಗಳೊಳಗೆ ಹೊಸ ಅಂಗಾಂಶ ಹೆಣೆದುಕೊಂಡು, ಗೋಡೆ ಗಟ್ಟಿಯಾಗುತ್ತದೆ.

ಹೊಲಿದ ಚರ್ಮದ ಮೇಲ್ಪದರವು ಎರಡು ಮೂರು ದಿನಗಳಲ್ಲಿ ಕೂಡಿಕೊಳ್ಳುತ್ತದೆ. ಆದರೆ ಒಳಗಿನ ಕಸುವು ನಿಧಾನವಾಗಿ ಬರುವಂಥದು. ಮೂರು ತಿಂಗಳಿಗೂ ಅದು ಮೊದಲಿನ ಬಲದ ನೂರಕ್ಕೆ ಸುಮಾರು 80 ಪಾಲನ್ನಷ್ಟೇ ಮುಟ್ಟುತ್ತದೆ.

ಬಟ್ಟಲು ಕಾಯಲಿ

ಕೊಬ್ಬರಿ ಎಣ್ಣೆಯ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ. ಪ್ರಯೋಗಶಾಲೆಯಲ್ಲಿ ಅದು ಕೆಲವು ರೋಗಾಣುಗಳನ್ನು ಹತ್ತಿಕ್ಕುತ್ತದೆ. ಅರಿಸಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದೆ. ಆದರೆ ಪ್ರಯೋಗಶಾಲೆಯೇ ಬೇರೆ, ಅಡಿಗೆಮನೆಯ ಬಟ್ಟಲೇ ಬೇರೆ. ಬಟ್ಟಲಿನ ಎಣ್ಣೆ ರೋಗಾಣುರಹಿತವಲ್ಲ. ಹಚ್ಚುವ ಬೆರಳೂ ಅಲ್ಲ. ಹಚ್ಚಿದ ಎಣ್ಣೆ ಆಳದಲ್ಲಿರುವ ಜಾಲರಿಯನ್ನು ಮುಟ್ಟಿ ಗುಣ ಮಾಡಲಾರದು; ಹೊರಗಿನ ಪಟ್ಟಿಯ ಅಂಟನ್ನು ಮಾತ್ರ ಸಡಿಲಿಸೀತು.

ಅಪಾಯ ಇರುವುದು ಜಾಲರಿಯಲ್ಲೇ. ಅದಕ್ಕೆ ರಕ್ತನಾಳಗಳಿಲ್ಲ. ರೋಗಾಣುಗಳು ಅದರ ಮೇಲೆ ಪೊರೆ ಕಟ್ಟಿಕೊಂಡರೆ ಔಷಧಿ ಅವುಗಳನ್ನು ಸುಲಭವಾಗಿ ತಲಪದು. ಕೆಲವೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ಜಾಲರಿಯನ್ನೇ ತೆಗೆಯಬೇಕಾದೀತು. ಆದುದರಿಂದ ಗಾಯ ಪೂರ್ಣವಾಗಿ ಕೂಡುವವರೆಗೆ ಶುಚಿತ್ವವೇ ಮದ್ದು. ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ, ನೋವು ಏರುತ್ತ ಹೋದರೆ ಕೂಡಲೇ ಶಸ್ತ್ರವೈದ್ಯರಲ್ಲಿಗೆ ಹೋಗಬೇಕು. ಮಧುಮೇಹಿಗಳೂ ಧೂಮಪಾನಿಗಳೂ ಇನ್ನಷ್ಟು ಎಚ್ಚರವಾಗಿರಬೇಕು. ಅವರ ಗಾಯ ಮಾಯುವುದು ತಡ.

ಹಾಗೆಂದು ಅಜ್ಜಿಯ ಮನಸ್ಸನ್ನು ನೋಯಿಸಬೇಕಿಲ್ಲ. ಚರ್ಮ ಚೆನ್ನಾಗಿ ಕೂಡಿ, ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಒಣಗಿದ ಕಲೆಯ ಸುತ್ತ ಬೆರಳಿನಿಂದ ಎಣ್ಣೆಯನ್ನು ಹಗುರವಾಗಿ ಸವರಬಹುದು. ಬಿಗಿದ ಚರ್ಮ ಮೃದುವಾಗುತ್ತದೆ. ತುರಿಕೆ ಎದ್ದರೆ ಮಾತ್ರ ಬಿಟ್ಟುಬಿಡಬೇಕು. ಅಲ್ಲಿಯವರೆಗೆ ಅಜ್ಜಿ ಸೊಪ್ಪು, ಹಣ್ಣು, ನೀರುಸಾರುಗಳನ್ನು ಬಡಿಸಲಿ. ಮಲಬದ್ಧತೆಯಿಂದ ಮುಕ್ಕಿರಿಯುವುದು ತಪ್ಪಿದರೆ ಹೊಸ ಗೋಡೆಯ ಮೇಲಿನ ಭಾರವೂ ಇಳಿಯುತ್ತದೆ. ಆ ಉಪಚಾರಕ್ಕೆ ಯಾವ ವೈದ್ಯರ ಆಕ್ಷೇಪಣೆಯೂ ಇರಲಾರದು.