ವಾದ್ಯಗಳ ಹೊಂದಿಕೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹಂಗಳವೆಂಬ ಊರು ಉಂಟು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗತಕ್ಕವರು ಇಲ್ಲಿಯೇ ಹೆದ್ದಾರಿಯನ್ನು ಬಿಟ್ಟು ತಿರುಗುವರು. ಈ ಸೀಮೆಯ ಜನರಿಗೆ ಎರಡು ಬಗೆಯ ಹಾಡುಗಾರಿಕೆ ತಲೆಮಾರುಗಳಿಂದ ಪರಿಚಿತವಾದುದು. ಮಲೆಯ ಮಹದೇಶ್ವರನ ದೇವರಗುಡ್ಡರು ಹಾಡುವ ಕಂಸಾಳೆಯ ಪದ ಒಂದು. ಮಂಟೇಸ್ವಾಮಿಯ ಪರಂಪರೆಯ ನೀಲಗಾರರು ಹಾಡುವ ತಂಬೂರಿಯ ಪದ ಇನ್ನೊಂದು. ಮೊಬೈಲಿನಲ್ಲಿಯೋ ಗಣಕಯಂತ್ರದಲ್ಲಿಯೋ ವಾದ್ಯಧ್ವನಿಗಳನ್ನು ಪದರಪದರವಾಗಿ ಜೋಡಿಸಿ ‘ಬೀಟ್’ ಕಟ್ಟಲು ಹೊರಟಿರುವ ನಮ್ಮ ಮನೆಗಳ ಮಕ್ಕಳಿಗೆ ಇವೆರಡಕ್ಕಿಂತ ಹತ್ತಿರದ ಪಾಠಶಾಲೆ ಬೇರೊಂದಿಲ್ಲವೆಂದು ನಾವು ಬಗೆಯುತ್ತೇವೆ.

ಹೊಸಬರ ತೊಂದರೆ ಸಾಮಾನ್ಯವಾಗಿ ಒಂದೇ ತೆರನಾದುದು. ಯಂತ್ರದೊಳಗೆ ನೂರಾರು ವಾದ್ಯಗಳು ಬೆರಳ ತುದಿಯಲ್ಲಿರುತ್ತವೆ. ಒಂದೊಂದೂ ಬಿಡಿಯಾಗಿ ಕೇಳಿದಾಗ ಇಂಪು. ಎಲ್ಲವನ್ನೂ ಕೂಡಿಸಿದೊಡನೆ ಸಂತೆಯ ಗದ್ದಲ. ಆಗ ಕೇಳಿಸದಿರುವ ವಾದ್ಯದ ಧ್ವನಿಯನ್ನು ಏರಿಸುವರು, ಅದರಿಂದ ಮತ್ತೊಂದು ಮುಚ್ಚಿಹೋಗುವುದು, ಅದನ್ನೂ ಏರಿಸುವರು. ಇದಕ್ಕೆ ಕಾರಣ ಕಿವಿಯ ಸ್ವಭಾವದಲ್ಲಿಯೇ ಇದೆ. ಒಂದೇ ಸ್ಥಾಯಿಯಲ್ಲಿ, ಒಂದೇ ಕ್ಷಣದಲ್ಲಿ ಎರಡು ನಾದಗಳು ಹುಟ್ಟಿದರೆ ಬಲವಾದುದು ದುರ್ಬಲವಾದುದನ್ನು ಮರೆಮಾಡುತ್ತದೆ. ಆದಕಾರಣ ಪ್ರತಿಯೊಂದು ವಾದ್ಯಕ್ಕೂ ಸ್ಥಾಯಿಯಲ್ಲಿ ಒಂದು ಎಡೆಯನ್ನೂ ಕಾಲದಲ್ಲಿ ಒಂದು ಎಡೆಯನ್ನೂ ಕೊಡತಕ್ಕದ್ದು. ಹೊಂದಿಕೆಯೆಂಬುದರ ಗುಟ್ಟು ಇಷ್ಟೆ.

ನೀಲಗಾರರ ಮೇಳವನ್ನು ನೋಡಿರಿ. ಮುಖ್ಯ ಗಾಯಕನ ತಂಬೂರಿ ಎಡೆಬಿಡದೆ ಶ್ರುತಿಯನ್ನು ಹಿಡಿದಿರುತ್ತದೆ, ಅದು ನೆಲವಿದ್ದಂತೆ. ದಮ್ಮಡಿಯ ಚರ್ಮದ ಪೆಟ್ಟು ನಡೆಯನ್ನು ತೋರಿಸುತ್ತದೆ. ಗಗ್ಗರವೂ ತಾಳವೂ ಲೋಹದ ಸಣ್ಣ ದನಿಯಿಂದ ಆ ನಡೆಯ ನಡುವಣ ತೆರಪನ್ನು ತುಂಬುತ್ತವೆ. ಇವೆಲ್ಲದರ ಮೇಲೆ ಕಥೆ ನಡೆಯುತ್ತದೆ. ಗಾಯಕನು ಉಸಿರೆಳೆದುಕೊಳ್ಳುವಾಗ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ರಾತ್ರಿಯೆಲ್ಲ ಹಾಡಬೇಕಾದ ಕಂಠಕ್ಕೆ ಈ ಏರ್ಪಾಡು ಅಲಂಕಾರವಲ್ಲ, ಆಧಾರ.

ಕಂಸಾಳೆಯೂ ಹಾಗೆಯೇ. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆಯಾದ ತಾಳ. ಎರಡೂ ಕೂಡಿ ಹುಟ್ಟಿಸುವ ಮೊನಚಾದ ದನಿಯ ಹೊಳಪು ಮನುಷ್ಯಕಂಠದ ಸ್ಥಾಯಿಗಿಂತ ಬಹಳ ಮೇಲಿರುವುದು. ಅದರಿಂದಲೇ ಅದು ಬಯಲಿನ ಆಚೆಗೂ ಕೇಳಿಸಿದರೂ ಹಾಡಿನ ಮಾತನ್ನು ನುಂಗುವುದಿಲ್ಲ.

ದೂರದ ಜಾವಾ ದ್ವೀಪದ ಗಾಮೆಲಾನ್ ಎಂಬ ವಾದ್ಯವೃಂದದಲ್ಲಿಯೂ ಇದೇ ನ್ಯಾಯ ನಡೆಯುತ್ತದೆ. ಅಲ್ಲಿ ಎಲ್ಲಕ್ಕಿಂತ ದೊಡ್ಡದಾದ ಜಾಗಟೆ ಆವರ್ತವೊಂದು ಮುಗಿಯುವಾಗ ಮಾತ್ರ ಮೊಳಗುವುದು. ವಾದ್ಯವು ಚಿಕ್ಕದಾಗಿ ದನಿ ಏರಿದಂತೆಲ್ಲ ಪೆಟ್ಟುಗಳು ಹೆಚ್ಚುವುವು. ೧೮೮೯ರ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಈ ಸಂಗೀತವನ್ನು ಕೇಳಿ ಫ್ರೆಂಚ್ ವಾಗ್ಗೇಯಕಾರ ದೆಬ್ಯುಸಿ ಬೆರಗಾದನು. ದಪ್ಪ ದನಿಗೆ ಕೆಲವೇ ಪೆಟ್ಟು, ಸಣ್ಣ ದನಿಗೆ ಹಲವು ಪೆಟ್ಟು: ಹೊಸಬರು ಈ ಸೂತ್ರವೊಂದನ್ನು ನೆನಪಿನಲ್ಲಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಅಭ್ಯಾಸಕ್ಕೆ ಒಂದು ಕ್ರಮವನ್ನು ಹೇಳುವೆವು. ಎಂಟು ಮಾತ್ರೆಗಳ ಆವರ್ತವನ್ನು ತೆಗೆದುಕೊಂಡು ನಿಮಿಷಕ್ಕೆ ೮೦ ಮಾತ್ರೆಗಳ ನಡೆಯನ್ನಿಡಿರಿ. ಒಂದಾವರ್ತಕ್ಕೆ ೬ ಸೆಕೆಂಡುಗಳಾಗುವುವು. ಮೊದಲು ತಂಬೂರಿಯನ್ನು ಮೆಲ್ಲಗೆ ಹರಿಯಬಿಡಿರಿ. ದೊಡ್ಡ ಚರ್ಮವಾದ್ಯಕ್ಕೆ ೧ ಮತ್ತು ೫ನೆಯ ಮಾತ್ರೆಗಳನ್ನು ಮಾತ್ರ ಕೊಡಿರಿ. ದಮ್ಮಡಿಯನ್ನು ೩, ೪ ಮತ್ತು ೭ರಲ್ಲಿ ನುಡಿಸಿರಿ. ಕಂಸಾಳೆಯು ಮಾತ್ರೆಯ ಮೇಲೆ ಬೀಳದೆ ಎರಡು ಮಾತ್ರೆಗಳ ನಡುವೆ ಬೀಳಲಿ. ಎಂಟನೆಯ ಮಾತ್ರೆಯಲ್ಲಿ ಚರ್ಮವಾದ್ಯಗಳೆರಡೂ ಸುಮ್ಮನಿರಲಿ. ಆ ಮೌನದಿಂದಲೇ ಮುಂದಿನ ಮೊದಲ ಪೆಟ್ಟಿಗೆ ಬಲ ಬರುವುದು. ಹಾಡಾಗಲಿ ಕೊಳಲಾಗಲಿ ಬರತಕ್ಕದ್ದು ಇಷ್ಟಾದ ಮೇಲೆ.

ಶ್ರುತಿಯ ವಿಷಯದಲ್ಲಿ ಅಲಕ್ಷ್ಯ ಸಲ್ಲದು. ಷಡ್ಜವು ಸೆಕೆಂಡಿಗೆ ೨೪೦ ಕಂಪನಗಳಾದರೆ ಪಂಚಮವು ೩೬೦, ಮೇಲಿನ ಷಡ್ಜವು ೪೮೦. ೨, ೩, ೪ ಎಂಬ ಈ ಸರಳ ಪ್ರಮಾಣದಿಂದಲೇ ಅವು ಕಿವಿಗೆ ಒಂದಾಗಿ ಸೇರುತ್ತವೆ. ಷಡ್ಜವನ್ನೇ ನುಡಿಸಬೇಕಾದ ಮತ್ತೊಂದು ವಾದ್ಯ ೨೪೬ರಲ್ಲಿ ನಿಂತರೆ ಸೆಕೆಂಡಿಗೆ ೬ ಸಲ ದನಿ ಅದುರುವುದು. ಆದುದರಿಂದ ಚರ್ಮವಾದ್ಯದ ದನಿಯನ್ನೂ ಷಡ್ಜಕ್ಕೋ ಪಂಚಮಕ್ಕೋ ಹೊಂದಿಸಿಕೊಳ್ಳುವುದು ಲೇಸು.

ಇನ್ನು ಪರೀಕ್ಷೆ. ಒಂದೊಂದೇ ವಾದ್ಯವನ್ನು ತೆಗೆದು ಕೇಳಿರಿ. ಯಾವುದು ಇಲ್ಲವೆಂದು ತಿಳಿಯುವುದೇ ಇಲ್ಲವೋ ಅದು ಬೇಡ. ಕೇಳಿಸದ ವಾದ್ಯವನ್ನು ಏರಿಸುವ ಮುನ್ನ ಅದನ್ನು ಮುಚ್ಚಿರುವುದನ್ನು ಇಳಿಸಿ ನೋಡಿರಿ. ಮೊಬೈಲಿನ ಪುಟ್ಟ ಸ್ಪೀಕರು ತಗ್ಗಿನ ದನಿಗಳನ್ನು ಸರಿಯಾಗಿ ಹೊರಡಿಸಲಾರದು. ಅದನ್ನೇ ನಂಬಿ ತಗ್ಗನ್ನು ಏರಿಸಿದವರ ಬೀಟು ದೊಡ್ಡ ಸ್ಪೀಕರಿನಲ್ಲಿ ಗುಡುಗಾಗುವುದು. ಕೊನೆಗೆ ಧ್ವನಿಯನ್ನು ಬಹಳ ತಗ್ಗಿಸಿ ಕೇಳಿರಿ. ಆಗಲೂ ಹಾಡಿನ ಮಾತು ತಿಳಿದರೆ ಹೊಂದಿಕೆ ಸಿದ್ಧಿಸಿತು.

ಮಾತು ತಿಳಿಯಬೇಕೆಂದು ನಾವು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮಂಟೇಸ್ವಾಮಿಯ ಕಥೆಯೂ ಮಹದೇಶ್ವರನ ಕಥೆಯೂ ಮೊದಲು ಬಾಳಿದ್ದು ಪುಸ್ತಕದಲ್ಲಿ ಅಲ್ಲ, ಬಾಯಿಂದ ಕಿವಿಗೆ. ಮೇಳದ ಅಬ್ಬರದಲ್ಲಿ ಮಾತು ಮುಚ್ಚಿಹೋದರೆ ಹೋಗುವುದು ಒಂದು ಹಾಡಿನ ಸೊಗಸಷ್ಟೇ ಅಲ್ಲ; ಕೇಳಿ ಕಲಿಯಬೇಕಾದ ಮುಂದಿನವನಿಗೆ ಕಥೆಯೇ ದೊರೆಯದೆ ಹೋಗುವುದು. ೧೯೯೬ರಲ್ಲಿ ತೆರೆಕಂಡ ‘ಜನುಮದ ಜೋಡಿ’ ಚಿತ್ರದಿಂದ ಕಂಸಾಳೆಯ ನಾದ ನಾಡಿನ ಮೂಲೆಮೂಲೆಗೂ ಮುಟ್ಟಿತು. ನಾದ ಮುಟ್ಟಿದೆಡೆಗೆ ಕಥೆಯೂ ಮುಟ್ಟಬೇಕು.

ಮತ್ತೊಂದು ಮಾತು. ಕಂಸಾಳೆಯು ದೀಕ್ಷೆ ಪಡೆದ ಗುಡ್ಡನಿಗೆ ಬರಿಯ ವಾದ್ಯವಲ್ಲ, ವ್ರತದ ಗುರುತು. ಅವನ ದನಿಯನ್ನು ಮೊಬೈಲಿನಲ್ಲಿ ಹಿಡಿದು ತಮ್ಮ ಬೀಟಿಗೆ ಸೇರಿಸಲಿಚ್ಛಿಸುವ ಮಕ್ಕಳು ಮೊದಲು ಅವನ ಒಪ್ಪಿಗೆಯನ್ನು ಕೇಳಲಿ, ತಕ್ಕ ಕಾಣಿಕೆಯನ್ನು ಸಲ್ಲಿಸಲಿ, ಹಾಡಿನೊಡನೆ ಅವನ ಹೆಸರನ್ನೂ ಹೇಳಲಿ. ಹಾಗೆ ಕೇಳಲು ಹೋದವರಿಗೆ, ಯಾವ ಪೆಟ್ಟನ್ನು ಎಲ್ಲಿ ಬಿಡಬೇಕೆಂಬುದನ್ನು ಅವನು ತಾನೇ ಹೇಳಿಕೊಟ್ಟಾನು. ತಾಯ್ತಂದೆಗಳು ಮಕ್ಕಳನ್ನು ಒಮ್ಮೆ ಆ ಮೇಳದ ಎದುರಿಗೆ ಕೂರಿಸಲಿ.