ತುಂಗಭದ್ರೆಯ ಎರಡು ದಡಗಳು ಮತ್ತು ರಾಜ್ಯಸಭೆ

1950ರ ಜನವರಿ 26ರಂದು ನಮ್ಮ ಸಂವಿಧಾನವು ಜಾರಿಗೆ ಬಂದಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ರಾಜ್ಯದಲ್ಲಿದ್ದವು. ರಾಣೆಬೆನ್ನೂರು ಸೀಮೆಯ ಕುಮಾರಪಟ್ಟಣದಿಂದ ತುಂಗಭದ್ರೆಯನ್ನು ದಾಟಿ ಹರಿಹರವನ್ನು ಸೇರಿದವನು, ಆಡುವ ಕನ್ನಡವನ್ನು ಬಿಡದೆಯೇ, ಮೈಸೂರು ರಾಜ್ಯದ ನೆಲವನ್ನು ಮೆಟ್ಟುತ್ತಿದ್ದನು. ರಾಜ್ಯಸಭೆಯಲ್ಲಿ ಮುಂಬಯಿಗೆ 17 ಸ್ಥಾನಗಳು, ಮೈಸೂರಿಗೆ 6. ಮರಾಠಿ, ಗುಜರಾತಿ ಬಹುಸಂಖ್ಯಾತರ ನಡುವೆ ಆ ಹದಿನೇಳರಲ್ಲಿ ಈ ದಡದ ಕನ್ನಡಿಗನ ಪಾಲೆಷ್ಟು?

ರಾಜ್ಯಗಳಿಗೆ ಸ್ಥಾನಗಳನ್ನು ಹಂಚುವ ಈ ತೊಡಕು ನಮಗಷ್ಟೇ ಎದುರಾದುದಲ್ಲ. 1787ರಲ್ಲಿ ಫಿಲಡೆಲ್ಫಿಯದಲ್ಲಿ ಕೂಡಿದ ಅಮೆರಿಕೆಯ ಮುತ್ಸದ್ದಿಗಳು, ಸಣ್ಣ ರಾಜ್ಯಗಳ ಭಯವನ್ನು ಶಮನಗೊಳಿಸಲೆಂದು, ಸೆನೆಟ್ಟಿನಲ್ಲಿ ಪ್ರತಿಯೊಂದು ರಾಜ್ಯಕ್ಕೂ ಸಮನಾಗಿ ಎರಡು ಸ್ಥಾನಗಳನ್ನಿತ್ತು, ರಾಜ್ಯವೊಂದರ ನೆಲವನ್ನಾಗಲಿ ಆ ಸಮಪಾಲನ್ನಾಗಲಿ ಅದರ ಸಮ್ಮತಿಯಿಲ್ಲದೆ ಮುಟ್ಟಕೂಡದೆಂದು ವಿಧಿಸಿದರು. ನಮ್ಮವರು ಆ ಮಾರ್ಗವನ್ನು ಹಿಡಿಯಲಿಲ್ಲ. ಮೊದಲ 50 ಲಕ್ಷ ಜನರವರೆಗೆ ಹತ್ತು ಲಕ್ಷಕ್ಕೊಂದು, ಅನಂತರ ಇಪ್ಪತ್ತು ಲಕ್ಷಕ್ಕೊಂದು ಸ್ಥಾನವೆಂಬ ಸೂತ್ರದಿಂದ ಜನಸಂಖ್ಯೆಗೆ ಮನ್ನಣೆಯಿತ್ತು, ಸಣ್ಣವರ ಕಡೆಗೂ ತಕ್ಕಡಿಯನ್ನು ತುಸು ವಾಲಿಸಿದರು.

ಅದಕ್ಕಿಂತಲೂ ಸೂಕ್ಷ್ಮವಾದುದು ಚುನಾವಣೆಯ ವಿಧಾನ. ಶಾಸಕರು ಏಕ ವರ್ಗಾವಣೀಯ ಮತದಿಂದ, ಅಂದರೆ ಅಭ್ಯರ್ಥಿಗಳನ್ನು ಪ್ರಾಶಸ್ತ್ಯದ ಕ್ರಮದಲ್ಲಿ ಸೂಚಿಸುವ ಒಂದೇ ಮತದಿಂದ, ಸದಸ್ಯರನ್ನು ಆರಿಸಬೇಕೆಂಬ ನಿಯಮದಿಂದಾಗಿ, ಬಹುಮತವುಳ್ಳ ಪಕ್ಷವು ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳಲಾರದು. ಇಂದಿನ ಕರ್ನಾಟಕದ 224 ಶಾಸಕರ ವಿಧಾನಸಭೆಯು ನಾಲ್ವರನ್ನು ಆರಿಸುವಾಗ, ಮೊದಲ ಪ್ರಾಶಸ್ತ್ಯದ 45 ಮತಗಳು ದೊರೆತವನು ಗೆದ್ದಂತೆಯೇ. ಮಿಕ್ಕ 179 ಮಂದಿ ಒಟ್ಟಾದರೂ ಅವನನ್ನು ತಡೆಯಲಾರರು. ಬಣಗಳನ್ನು ಅಳಿಸಲು ಹೊರಡದೆ, ಅವುಗಳ ಬಲಕ್ಕೆ ತಕ್ಕಷ್ಟು ಎಡೆಯನ್ನು ಕೊಟ್ಟ ಈ ವಿವೇಕವನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ಆದರೆ ಹಾವೇರಿ ಸೀಮೆಗೆ ನಿಜವಾದ ಬಿಡುಗಡೆ ದೊರೆತದ್ದು ಸಂವಿಧಾನದ ಮೂರನೆಯ ಅನುಚ್ಛೇದದಿಂದ. ನಮ್ಮ ಒಕ್ಕೂಟವು ರಾಜ್ಯಗಳ ಒಡಂಬಡಿಕೆಯಿಂದ ಹುಟ್ಟಿದುದಲ್ಲವೆಂದು 1948ರ ನವೆಂಬರಿನಲ್ಲಿ ಅಂಬೇಡ್ಕರರು ಸಂವಿಧಾನ ಸಭೆಗೆ ವಿವರಿಸಿದ್ದರು. ಅದಕ್ಕನುಗುಣವಾಗಿ, ಗಡಿಯನ್ನು ಬದಲಿಸುವಾಗ ಸಂಬಂಧಿಸಿದ ರಾಜ್ಯದ ಅಭಿಪ್ರಾಯವನ್ನು ಕೇಳಬೇಕೇ ಹೊರತು ಒಪ್ಪಿಗೆಯನ್ನು ಪಡೆಯಬೇಕಾಗಿಲ್ಲ. ಅಮೆರಿಕೆಯ ನಿಯಮವು ಇಲ್ಲಿದ್ದಿದ್ದರೆ, ಕರ್ನಾಟಕದ ಏಕೀಕರಣಕ್ಕೆ ಮುಂಬಯಿ, ಹೈದರಾಬಾದು, ಮದರಾಸುಗಳ ವಿಧಾನಸಭೆಗಳೆಲ್ಲವೂ ತಲೆದೂಗಬೇಕಾಗುತ್ತಿತ್ತು. ರಾಜ್ಯಗಳ ಪುನರ್ವಿಂಗಡಣೆಯನ್ನು ಪರಿಶೀಲಿಸಿದ ಫಜಲ್ ಅಲಿ ಆಯೋಗದ ವರದಿಯ ತರುವಾಯ ಸಂಸತ್ತು ಶಾಸನ ಮಾಡಿತು. 1956ರ ನವೆಂಬರ್ 1ರಂದು ತುಂಗಭದ್ರೆಯ ಎರಡು ದಡಗಳೂ ಒಂದೇ ರಾಜ್ಯವಾದವು, ಆ ರಾಜ್ಯದ ರಾಜ್ಯಸಭಾ ಸ್ಥಾನಗಳು 12 ಆದವು. ಇಂದಿಗೂ ಅಷ್ಟೇ.

ಒಂದು ಮಾರ್ಪಾಟು ಮಾತ್ರ ನನ್ನನ್ನು ಕಾಡುತ್ತದೆ. ರಾಜ್ಯಸಭೆಗೆ ನಿಲ್ಲುವವನು ಆಯಾ ರಾಜ್ಯದ ಮತದಾರನೇ ಆಗಿರಬೇಕೆಂಬ ನಿಬಂಧನೆಯನ್ನು 2003ರಲ್ಲಿ ಸಂಸತ್ತು ತೆಗೆದುಹಾಕಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಮಾರ್ಪಾಟನ್ನು ಎತ್ತಿಹಿಡಿಯಿತು. ಬ್ಯಾಡಗಿಯ ಮೆಣಸಿನಕಾಯಿ ಬೆಳೆಗಾರನ ಕಷ್ಟಸುಖಗಳನ್ನು ದಿಲ್ಲಿಯಲ್ಲಿ ಹೇಳಬೇಕಾದವನ ಹೆಸರು ಕರ್ನಾಟಕದ ಯಾವೊಂದು ಮತದಾರರ ಪಟ್ಟಿಯಲ್ಲಿಯೂ ಇರಬೇಕಾಗಿಲ್ಲವೆಂಬುದನ್ನು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ.